ಮೋಟರ್‌ಹೋಮ್‌ಗೆ ನೀರಿನ ರೆಗ್ಯುಲೇಟರ್: ಯಾವುದು ಕೊಳ್ಳಬೇಕು, ಹೇಗೆ ಹಾಕಬೇಕು

ರಾತ್ರಿ ಎರಡೂವರೆ ಇರಬೇಕು. "ಪುಟ್ಟಾ, ಎದ್ದೇಳೋ. ಕಾಲಿಗೆ ನೀರು ಸಿಗ್ತಿದೆ" ಅಂತ ಅಮ್ಮ ಕೂಗಿದರು.

ಹಾಸನದಿಂದ ಬಂದಿದ್ದ ಅಪ್ಪ ಅಮ್ಮನಿಗೆ ಗ್ರ್ಯಾಂಡ್ ಕ್ಯಾನಿಯನ್ ತೋರಿಸೋಣ ಅಂತ, ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡಿದ್ದೆ. ದಾರಿಯಲ್ಲಿ ಅರಿಜೋನಾದ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ರಾತ್ರಿ ತಂಗಿದ್ದೆವು. ಲೈಟ್ ಹಾಕಿ ನೋಡಿದರೆ ಟಾಯ್ಲೆಟ್ ಹಿಂದಿನ ಪ್ಲಾಸ್ಟಿಕ್ ಎಲ್ಬೋ (ಪೈಪ್ ತಿರುವಿನ ಜಾಯಿಂಟ್) ಸೀಳಿಕೊಂಡು ನೀರು ಚಿಮ್ಮುತ್ತಿದೆ. ನಾನು ಟವೆಲ್ ಹುಡುಕುತ್ತಾ ಓಡಾಡುತ್ತಿದ್ದೆ. ಅಪ್ಪ ಹಾಸಿಗೆಯಿಂದಲೇ, "ಒರ್ಸೋದು ಆಮೇಲೆ. ಮೊದ್ಲು ಹೊರಗಡೆ ಹೋಗಿ ನಲ್ಲಿ ನಿಲ್ಸು" ಅಂದರು. ನಲವತ್ತು ವರ್ಷ ಮನೆಯ ಮೋಟರು, ವಾಲ್ವು ನೋಡಿಕೊಂಡವರ ಬುದ್ಧಿ ಅದು.

ತಪ್ಪು ನನ್ನದೇ. ಗಾಡಿಯ ಜೊತೆ ಕೊಟ್ಟ ಡಬ್ಬದಲ್ಲಿ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ತುಂಡು ಇತ್ತು. ಅದೇನು ಅಂತ ಗೊತ್ತಾಗದೆ ಪಕ್ಕಕ್ಕಿಟ್ಟು ಪೈಪನ್ನು ನೇರವಾಗಿ ನಲ್ಲಿಗೆ ಸಿಕ್ಕಿಸಿದ್ದೆ. ಆ ತುಂಡೇ ಪ್ರೆಶರ್ ರೆಗ್ಯುಲೇಟರ್, ನಲ್ಲಿಯ ನೀರಿನ ಪ್ರೆಶರ್ ಗಾಡಿಗೆ ಮಿತಿ ಮೀರಿ ಹೋಗದ ಹಾಗೆ ತಡೆಯುವ ಸಾಮಾನು. ಆಮೇಲೆ ಸ್ವಂತ ಗಾಡಿ ಬಂತು, ಮೂರು ರೆಗ್ಯುಲೇಟರ್ ಬದಲಾಯಿಸಿದೆ. ಅಮೆರಿಕದಲ್ಲಿ ಮೋಟರ್‌ಹೋಮ್ ಕೊಳ್ಳುವವರು, ಬಾಡಿಗೆಗೆ ತೆಗೆದುಕೊಳ್ಳುವವರು ನಮ್ಮವರಲ್ಲೂ ಜಾಸ್ತಿ ಆಗುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆದಿದ್ದೇನೆ.

ನಮಗೆ ಇದು ಉಲ್ಟಾ ಸಮಸ್ಯೆ

ನೀರು ಸಣ್ಣಗೆ ಬರುತ್ತದೆ ಅಂತ ಗೊಣಗುತ್ತಲೇ ಬೆಳೆದವರು ನಾವು. ತಾರಸಿ ಮೇಲೆ ಟ್ಯಾಂಕ್, ಕೆಳಗೆ ಬಚ್ಚಲು. ನೀರು 10 ಅಡಿ ಮೇಲಿಂದ ಇಳಿದರೆ ಸಿಗುವ ಪ್ರೆಶರ್ ಸುಮಾರು 4.3 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅಂತ ಪ್ರೆಶರ್ ಅಳೆಯುವ ಲೆಕ್ಕ) ಅಷ್ಟೇ. ಟ್ಯಾಂಕು ನಲ್ಲಿಗಿಂತ 25 ಅಡಿ ಮೇಲಿದ್ದರೂ 11 ದಾಟುವುದಿಲ್ಲ. ಹಾಗಾಗಿ ನಲ್ಲಿ ತಿರುಗಿಸಿದ ಕೂಡಲೇ ನೀರು ಭರ್ರನೆ ಬಂದರೆ ನಮಗೆ ಖುಷಿ. ಜಾಸ್ತಿ ಪ್ರೆಶರ್‌ನಿಂದ ತೊಂದರೆ ಆಗಬಹುದು ಅಂತ ತಲೆಗೇ ಹೊಳೆಯುವುದಿಲ್ಲ.

ಅಮೆರಿಕದ ಮನೆಗಳಲ್ಲಿ 50, 60 ಪಿಎಸ್‌ಐ ಮಾಮೂಲಿ. 80 ದಾಟಿದರೆ ಮನೆಗೇ ರೆಗ್ಯುಲೇಟರ್ ಹಾಕಬೇಕು ಅಂತ ಅಲ್ಲಿನ ಪ್ಲಂಬಿಂಗ್ ನಿಯಮ. ಕ್ಯಾಂಪ್‌ಗ್ರೌಂಡಿನ ಲೆಕ್ಕ ಬೇರೆ. ಎಷ್ಟೋ ಕಡೆ ನೀರಿನ ಟ್ಯಾಂಕು ಗುಡ್ಡದ ಮೇಲಿರುತ್ತದೆ. ನಿಮ್ಮ ಸೈಟ್ ಅದಕ್ಕಿಂತ 230 ಅಡಿ ಕೆಳಗಿದ್ದರೆ ನಲ್ಲಿಯಲ್ಲಿ ಹತ್ತಿರ ಹತ್ತಿರ 100 ಪಿಎಸ್‌ಐ ಇರುತ್ತದೆ. ಪಂಪ್ ಇಟ್ಟ ಜಾಗದಲ್ಲಿ ಕೊನೆಯ ಸಾಲಿನ ಗಾಡಿಗೂ ನೀರು ಮುಟ್ಟಲಿ ಅಂತ ಪ್ರೆಶರ್ ಏರಿಸಿಟ್ಟಿರುತ್ತಾರೆ. ಆಗ ಮೊದಲ ಸಾಲಿನವರ ಪಾಡು ಕೇಳಬೇಡಿ.

ಇನ್ನೊಂದು ವಿಷಯ. ಸಂಜೆ ಎಲ್ಲರೂ ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ ಪ್ರೆಶರ್ ಇಳಿದಿರುತ್ತದೆ. ರಾತ್ರಿ ಎಲ್ಲ ನಲ್ಲಿಗಳೂ ನಿಂತ ಮೇಲೆ ಏರುತ್ತದೆ. ನಮ್ಮ ಎಲ್ಬೋ ಸಂಜೆ ಆರಕ್ಕೆ ಒಡೆಯದೆ ನಡುರಾತ್ರಿ ಒಡೆದದ್ದು ಸುಮ್ನೆ ಅಲ್ಲ.

ಗಾಡಿಯೊಳಗಿನ ಪೈಪುಗಳ ಬಗ್ಗೆ ಅಷ್ಟು ಭಯ ಬೇಡ. ಈಗಿನ ಮೋಟರ್‌ಹೋಮ್‌ಗಳಲ್ಲಿ ಹೆಚ್ಚಾಗಿ ಇರುವುದು ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪ್. ತಣ್ಣೀರಿಗೆ 160 ಪಿಎಸ್‌ಐ, 82 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿಗೆ 100 ಪಿಎಸ್‌ಐ ತನಕ ತಡೆಯುತ್ತದೆ ಅಂತ ಅದಕ್ಕೆ ರೇಟಿಂಗ್. ಒಡೆಯುವುದು ಜಾಯಿಂಟುಗಳು. ಟಾಯ್ಲೆಟ್‌ನ ವಾಲ್ವ್, ಸಿಂಕ್ ಕೆಳಗಿನ ಪ್ಲಾಸ್ಟಿಕ್ ನಟ್, ಹೊರಗಿನ ಶವರ್, ಫಿಲ್ಟರ್‌ನ ಡಬ್ಬ. ಮನೆ ಒಂದೇ ಕಡೆ ನಿಂತಿರುತ್ತದೆ. ಈ ಮನೆ ಮಾತ್ರ ಹೈವೇಯಲ್ಲಿ ದಿನವಿಡೀ ಅಲುಗಾಡಿಕೊಂಡು ಬಂದಿರುತ್ತದೆ. ನಟ್‌ಗಳು ಅಷ್ಟರಲ್ಲೇ ಸ್ವಲ್ಪ ಸಡಿಲ.

ಎಲ್ಲರಿಗೂ ಬೇಕಾ?

ಕ್ಯಾಂಪ್‌ಗ್ರೌಂಡಿನ ನಲ್ಲಿಗೆ ಪೈಪ್ ಹಾಕಿ ಸೀದಾ ಗಾಡಿಯ 'ಸಿಟಿ ವಾಟರ್' ತೂತಿಗೆ ಕೊಡುವವರಿಗೆ ಬೇಕೇ ಬೇಕು. ಗಾಡಿಯ ಟ್ಯಾಂಕ್ ತುಂಬಿಸಿಕೊಂಡು ಒಳಗಿನ ಪಂಪ್‌ನಿಂದ ನೀರು ಬಳಸುವವರಿಗೆ ಬೇಡ. ಮೋಟರ್‌ಹೋಮ್‌ಗಳಲ್ಲಿ ಇರುವ 12 ವೋಲ್ಟ್ ಪಂಪುಗಳು ಸಾಮಾನ್ಯವಾಗಿ 55 ಪಿಎಸ್‌ಐ ಆಸುಪಾಸಿನಲ್ಲಿ ತಾವೇ ನಿಂತುಬಿಡುತ್ತವೆ.

ಬಾಡಿಗೆ ಗಾಡಿಯಾದರೆ ಕೀ ತೆಗೆದುಕೊಳ್ಳುವಾಗಲೇ ಡಬ್ಬ ಬಿಚ್ಚಿಸಿ. ಕುಡಿಯುವ ನೀರಿನ ಬಿಳಿ ಅಥವಾ ನೀಲಿ ಪೈಪ್ ಇದೆಯಾ, ರೆಗ್ಯುಲೇಟರ್ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಕೇಳಿ ತೆಗೆದುಕೊಳ್ಳಿ. ಸಂಕೋಚ ಪಟ್ಟರೆ ನೀರು ನುಗ್ಗಿದ ಮೇಲೆ ಡೆಪಾಸಿಟ್ ಹೋಗುವುದು ನಿಮ್ಮದೇ.

ಮೊದಲು ಎರಡು ನಂಬರ್ ಗೊತ್ತಿರಲಿ

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಗಾಡಿ ಎಷ್ಟು ತಡೆಯುತ್ತದೆ ಅಂತ ನೋಡಿ. ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಕೆಲವು ಗಾಡಿಗಳಲ್ಲಿ ನೀರಿನ ತೂತಿನ ಪಕ್ಕದ ಸ್ಟಿಕ್ಕರ್ ಮೇಲೇ ಬರೆದಿರುತ್ತಾರೆ. ಹೆಚ್ಚಿನವು 40ರಿಂದ 60 ಪಿಎಸ್‌ಐ ಒಳಗೆ ಇರುತ್ತವೆ. ಹಳೇ ಗಾಡಿಯಾದರೆ 40, 45ರಲ್ಲೇ ಇಡುವುದು ಕ್ಷೇಮ. ಹೊಸದಾದರೆ 50 ತನಕ ಹೋಗಬಹುದು. ನನ್ನದು ಹನ್ನೆರಡು ವರ್ಷದ ಗಾಡಿ, 45ಕ್ಕೆ ಇಟ್ಟಿದ್ದೇನೆ. ಶವರ್ ಚೆನ್ನಾಗೇ ಬರುತ್ತದೆ.

ಎರಡನೆಯದು ನಲ್ಲಿ ಎಷ್ಟು ಕೊಡುತ್ತಿದೆ ಅನ್ನುವುದು. ಇದು ಪ್ರತಿ ಊರಿಗೂ ಬೇರೆ, ಹಗಲಿಗೂ ರಾತ್ರಿಗೂ ಬೇರೆ. ಅದಕ್ಕೆ ಒಂದು ಗೇಜ್ ಬೇಕು. ಪೈಪಿನ ಥ್ರೆಡ್ ಇರುವ, ಸೀದಾ ನಲ್ಲಿಗೆ ತಿರುಗಿಸುವ ಗೇಜ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಹತ್ತು ಹದಿನೈದು ಡಾಲರ್ ಅಷ್ಟೇ. ಕೊಳ್ಳುವುದೇ ಆದರೆ ಕೆಂಪು ಮುಳ್ಳು ಇರುವುದನ್ನು ಕೊಳ್ಳಿ. ಕಪ್ಪು ಮುಳ್ಳು ಈಗಿನ ಪ್ರೆಶರ್ ತೋರಿಸುತ್ತದೆ. ಕೆಂಪು ಮುಳ್ಳು ಏರಿದ ಅತಿ ಹೆಚ್ಚು ಪ್ರೆಶರ್ ಹತ್ತಿರವೇ ನಿಂತುಬಿಡುತ್ತದೆ. ನಲ್ಲಿಗೆ ಎರಡು ಬಾಯಿಯ ಸ್ಪ್ಲಿಟರ್ ಹಾಕಿ, ಒಂದು ಕಡೆಗೆ ರೆಗ್ಯುಲೇಟರ್ ಮತ್ತು ಪೈಪ್, ಇನ್ನೊಂದು ಕಡೆಗೆ ಈ ಗೇಜ್ ಸಿಕ್ಕಿಸಿ ಮಲಗಿ. ಬೆಳಗ್ಗೆ ಕಾಫಿ ಹಿಡಿದುಕೊಂಡು ಹೋಗಿ ನೋಡಿ. ಸಂಜೆ 58 ಇದ್ದದ್ದು ರಾತ್ರಿ 95 ಮುಟ್ಟಿ ಬಂದಿರುವುದನ್ನು ನಾನೇ ಕಂಡಿದ್ದೇನೆ.

ಒಳಗೆ ಏನಾಗುತ್ತದೆ

ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಮೇಲಿನ ರೆಗ್ಯುಲೇಟರ್ ಗೊತ್ತಲ್ಲ, ಇದು ಅದರ ತಮ್ಮ. ಒಳಗೆ ಒಂದು ಸ್ಪ್ರಿಂಗ್, ಅದರ ಕೆಳಗೆ ರಬ್ಬರಿನ ಡಯಾಫ್ರಮ್ ಅಥವಾ ಸಣ್ಣ ಪಿಸ್ಟನ್. ಸ್ಪ್ರಿಂಗ್ ಬಾಗಿಲನ್ನು ತೆರೆಯಲು ತಳ್ಳುತ್ತದೆ. ಗಾಡಿಯ ಕಡೆ ಪ್ರೆಶರ್ ಏರಿದಂತೆ ಆ ನೀರೇ ಡಯಾಫ್ರಮ್ಮನ್ನು ಹಿಂದಕ್ಕೆ ಒತ್ತಿ ಬಾಗಿಲು ಮುಚ್ಚುತ್ತದೆ. ನೀವು ನಲ್ಲಿ ಬಿಟ್ಟರೆ ಪ್ರೆಶರ್ ಇಳಿಯುತ್ತದೆ, ಬಾಗಿಲು ಮತ್ತೆ ತೆರೆಯುತ್ತದೆ.

ಒಂದನ್ನು ನೆನಪಿಡಿ. ಇದು ಬಾಗಿಲು ಮುಚ್ಚುತ್ತದೆ ಅಷ್ಟೇ. ಕುಕ್ಕರ್ ವೆಯ್ಟ್ ಥರ ಜಾಸ್ತಿಯಾದ ಪ್ರೆಶರನ್ನು ಹೊರಗೆ ಬಿಡುವುದಿಲ್ಲ. ಇದು ಮುಂದೆ ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಅಂಗಡಿಯಲ್ಲಿ ಸಿಗುವ ಮೂರು ಜಾತಿ

ಮೊದಲನೆಯದು ಹೆಬ್ಬೆರಳಿನಂಥ ಉದ್ದನೆ ಹಿತ್ತಾಳೆ ತುಂಡು. ಹತ್ತು ಹದಿನೈದು ಡಾಲರ್. ಕಾರ್ಖಾನೆಯಲ್ಲೇ 40ರಿಂದ 50 ಪಿಎಸ್‌ಐ ಒಳಗೆ ಸೆಟ್ ಮಾಡಿ ಕಳಿಸುತ್ತಾರೆ, ನಾವು ಬದಲಾಯಿಸುವ ಹಾಗಿಲ್ಲ. ವರ್ಷಕ್ಕೆ ಒಂದೆರಡು ಸಲ ಬಾಡಿಗೆ ಗಾಡಿಯಲ್ಲಿ ಹೋಗುವವರಿಗೆ ಇಷ್ಟು ಸಾಕು. ಇದರ ದೊಡ್ಡ ದೋಷ ಒಳಗಿನ ದಾರಿ ಕಿರಿದು. ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಸಿಂಕ್‌ನಲ್ಲಿ ನೀರು ಬಿಟ್ಟರೆ ಶವರ್ ಅಳುಮುಂಜಿ ಆಗುತ್ತದೆ. ಇದೇ ಆಕಾರದಲ್ಲಿ ಸ್ವಲ್ಪ ದಪ್ಪಗೆ 'ಹೈ ಫ್ಲೋ' ಅಂತಲೂ ಬರುತ್ತದೆ. ಐದಾರು ಡಾಲರ್ ಜಾಸ್ತಿ ಕೊಟ್ಟು ಅದನ್ನೇ ಕೊಳ್ಳಿ.

ಎರಡನೆಯದು ಮೇಲೆ ಸ್ಕ್ರೂ, ಪಕ್ಕದಲ್ಲಿ ಗೇಜ್ ಇರುವ ಅಡ್ಜಸ್ಟ್ ಮಾಡುವ ರೆಗ್ಯುಲೇಟರ್. ಸುಮಾರು 30ರಿಂದ 60 ಡಾಲರ್. ಸ್ವಂತ ಗಾಡಿ ಇದ್ದವರು ಕಣ್ಣುಮುಚ್ಚಿ ಇದನ್ನು ಕೊಳ್ಳಬಹುದು ಅನ್ನುವುದು ನನ್ನ ಅಭಿಪ್ರಾಯ. ದಾರಿ ಅಗಲ, ಫ್ಲೋ ಚೆನ್ನ. ಅದಕ್ಕಿಂತ ದೊಡ್ಡ ಲಾಭ ಗೇಜ್. ರೆಗ್ಯುಲೇಟರ್ ಕೆಟ್ಟರೆ ಅದು ಮುಖದ ಮೇಲೇ ಕಾಣುತ್ತದೆ. ಚಿಕ್ಕ ತುಂಡು ಕೆಟ್ಟರೆ ಗೊತ್ತಾಗುವುದು ಕಾರ್ಪೆಟ್ ಒದ್ದೆಯಾದಾಗ. ಗೇಜ್ ಒಳಗೆ ಗ್ಲಿಸರಿನ್ ತುಂಬಿದ್ದರೆ ಇನ್ನೂ ಒಳ್ಳೆಯದು, ಮುಳ್ಳು ನಡುಗುವುದಿಲ್ಲ.

ಮೂರನೆಯದು ಮನೆಗೆ ಹಾಕುವ ಹಿತ್ತಾಳೆ ವಾಲ್ವ್. ಅದಕ್ಕೆ ಎರಡೂ ಕಡೆ ಅಡಾಪ್ಟರ್ ಹಾಕಿ ಪೈಪಿಗೆ ಸಿಕ್ಕಿಸಿಕೊಳ್ಳುತ್ತಾರೆ. ಗಟ್ಟಿ, ಫ್ಲೋ ಅಂತೂ ಜೋರು, ರಿಪೇರಿ ಕಿಟ್ ಕೂಡ ಸಿಗುತ್ತದೆ. ಆದರೆ ಇಟ್ಟಿಗೆಯಷ್ಟು ಭಾರ. ವರ್ಷಪೂರ್ತಿ ಗಾಡಿಯಲ್ಲೇ ಬದುಕುವವರಿಗೆ ಸರಿ, ನಮ್ಮಂಥ ವೀಕೆಂಡ್ ಗಿರಾಕಿಗಳಿಗೆ ಅತಿಯಾಯಿತು.

ಇವು ಮೂರೂ ಅಲ್ಲದ ಇನ್ನೊಂದು ಅದೇ ಅಂಗಡಿಯ ತೋಟದ ಸಾಲಿನಲ್ಲಿ ಸಿಗುತ್ತದೆ. ಹನಿ ನೀರಾವರಿಗೆ ಹಾಕುವ ಕಪ್ಪು ಪ್ಲಾಸ್ಟಿಕ್ ರೆಗ್ಯುಲೇಟರ್. ಥ್ರೆಡ್ ಒಂದೇ, ಬೆಲೆಯೂ ಕಡಿಮೆ. ಬೇಡ. ತೋಟದಲ್ಲಿ ಅದರ ಮುಂದೆ ನೀರು ಹರಿಯುತ್ತಲೇ ಇರುತ್ತದೆ. ಗಾಡಿಯಲ್ಲಿ ರಾತ್ರಿಯಿಡೀ ನಲ್ಲಿ ಮುಚ್ಚಿರುತ್ತದೆ. ನಿಂತ ನೀರಿನ ಪ್ರೆಶರ್ ಹಿಡಿದಿಡುವುದಕ್ಕೆ ಅದನ್ನು ಮಾಡಿಲ್ಲ, ಕುಡಿಯುವ ನೀರಿಗೂ ಅಲ್ಲ.

ಪ್ರೆಶರ್ ಬೇರೆ, ಫ್ಲೋ ಬೇರೆ

ರೆಗ್ಯುಲೇಟರ್ ಹಾಕಿದ ಮೇಲೆ ನೀರು ಸಣ್ಣಗಾಯಿತು ಅಂತ ಕಿತ್ತು ಬಿಸಾಡುವವರು ತುಂಬಾ. ಅಲ್ಲಿ ಬಹಳ ಸಲ ಕಡಿಮೆಯಾಗಿರುವುದು ಪ್ರೆಶರ್ ಅಲ್ಲ, ಫ್ಲೋ. ಪ್ರೆಶರ್ ಅಂದರೆ ನೀರು ಎಷ್ಟು ಜೋರಾಗಿ ತಳ್ಳುತ್ತದೆ ಅನ್ನುವುದು. ಫ್ಲೋ ಅಂದರೆ ನಿಮಿಷಕ್ಕೆ ಎಷ್ಟು ನೀರು ಬರುತ್ತದೆ ಅನ್ನುವುದು. 45 ಪಿಎಸ್‌ಐ ಇದ್ದೂ ದಾರಿ ಕಿರಿದಾದರೆ ಬಕೆಟ್ ತುಂಬುವುದಿಲ್ಲ.

ಒಂದು ಶವರ್‌ಗೆ ನಿಮಿಷಕ್ಕೆ ಸುಮಾರು 2 ಗ್ಯಾಲನ್ (ಏಳೂವರೆ ಲೀಟರ್) ಬೇಕು. ಅಮೆರಿಕದ ಫೆಡರಲ್ ನಿಯಮದಲ್ಲಿ ಶವರ್‌ಗೆ 2.5 ಗ್ಯಾಲನ್ ಮಿತಿ, ಕ್ಯಾಲಿಫೋರ್ನಿಯಾದಲ್ಲಿ 1.8. ಸಿಂಕ್‌ಗೆ ಒಂದೂವರೆ ಎರಡು ಅಂತ ಇಟ್ಟುಕೊಳ್ಳಿ. ಹಾಗಾದರೆ ಒಂದು ಸಂಸಾರಕ್ಕೆ ಮೂರೂವರೆ, ನಾಲ್ಕು ಗ್ಯಾಲನ್ ಬಂದರೆ ಜಗಳವಿಲ್ಲ.

ಪ್ಯಾಕೆಟ್ ಮೇಲಿನ ಫ್ಲೋ ನಂಬರ್ ನಂಬಬೇಡಿ. ಯಾವ ಪ್ರೆಶರಿನಲ್ಲಿ ಅಳೆದರು ಅಂತ ಎಲ್ಲರೂ ಹೇಳುವುದಿಲ್ಲ. ನೀವೇ ಅಳೆಯಿರಿ, ಸುಲಭ. 5 ಗ್ಯಾಲನ್ ಬಕೆಟ್ ಒಂದು ಇಟ್ಟುಕೊಳ್ಳಿ. ಮನೆಯ ಹೊರಗಿನ ನಲ್ಲಿಗೆ ರೆಗ್ಯುಲೇಟರ್ ಹಾಕಿ, ಅದಕ್ಕೆ ನಿಮ್ಮ ಪೈಪ್ ಸಿಕ್ಕಿಸಿ ನಲ್ಲಿ ಪೂರ್ತಿ ಬಿಡಿ. ಬಕೆಟ್ 75 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 4 ಗ್ಯಾಲನ್. 100 ಸೆಕೆಂಡ್ ಆದರೆ 3. ಎರಡೂವರೆ ನಿಮಿಷ ಆದರೆ 2 ಮಾತ್ರ. ರಸೀದಿ ಹುಡುಕಿ ವಾಪಸ್ ಕೊಟ್ಟು ಬನ್ನಿ. ಪೈಪಿನ ಒಳಗಾತ್ರವನ್ನೂ ನೋಡಿ. ಅರ್ಧ ಇಂಚಿನ 50 ಅಡಿ ಪೈಪ್ ಹಾಕಿಕೊಂಡು ರೆಗ್ಯುಲೇಟರ್‌ಗೆ ಬೈದರೆ ಅದು ಏನು ಮಾಡೀತು? ಒಳಗಾತ್ರ 5/8 ಇಂಚು ಇರಲಿ.

ಕುಡಿಯುವ ನೀರು, ಮರೆಯಬೇಡಿ

ಇದೇ ನೀರಿನಲ್ಲಿ ಅನ್ನ ಮಾಡುತ್ತೀರಿ, ಕಾಫಿ ಕಾಸುತ್ತೀರಿ. ಹಿತ್ತಾಳೆಯಲ್ಲಿ ಸೀಸ ಬೆರೆಸುವುದು ಹಳೆಯ ರೂಢಿ. ಅಮೆರಿಕದಲ್ಲಿ 2014ರ ಜನವರಿಯಿಂದ ಕುಡಿಯುವ ನೀರಿನ ಸಾಮಾನುಗಳಲ್ಲಿ ನೀರು ತಾಗುವ ಭಾಗದ ಸೀಸ ಸರಾಸರಿ 0.25 ಪರ್ಸೆಂಟ್ ಮೀರಬಾರದು ಅಂತ ಕಾನೂನಿದೆ. ಪ್ಯಾಕೆಟ್ ಮೇಲೆ 'ಲೆಡ್ ಫ್ರೀ' ಅಂತಲೋ, ಎನ್‌ಎಸ್‌ಎಫ್ 61 ಅಥವಾ 372 (ಕುಡಿಯುವ ನೀರಿನ ಸಾಮಾನಿಗೆ ಕೊಡುವ ಗುರುತು) ಅಂತಲೋ ಇರಬೇಕು. ಗರಾಜ್ ಸೇಲ್‌ನಲ್ಲಿ ಎರಡು ಡಾಲರ್‌ಗೆ ಸಿಕ್ಕಿತು ಅಂತ ಹಳೇದು ತರಬೇಡಿ. ಅದು ಯಾವ ಕಾಲದ್ದೋ, ಒಳಗಿನ ರಬ್ಬರ್ ಯಾವಾಗ ಸತ್ತಿತ್ತೋ.

ಊರಿಂದ ಬರುವವರ ಕೈಲಿ ತರಿಸಿಕೊಳ್ಳುವ ಯೋಚನೆಯೂ ಬೇಡ. ಇಲ್ಲಿನ ಪೈಪಿನದು ಮುಕ್ಕಾಲು ಇಂಚಿನ 'ಗಾರ್ಡನ್ ಹೋಸ್' ಥ್ರೆಡ್, ಇಂಚಿಗೆ ಹನ್ನೊಂದೂವರೆ ಸುತ್ತು. ನಮ್ಮೂರಿನ ಮುಕ್ಕಾಲು ಇಂಚಿನ ಫಿಟಿಂಗ್‌ಗಳಿಗೆ 14 ಸುತ್ತು. ನೋಡಲು ಒಂದೇ ಥರ, ಎರಡು ಸುತ್ತು ಹತ್ತಿ ಹಿಡಿದುಕೊಂಡುಬಿಡುತ್ತದೆ.

ಹಾಕುವುದು ಹೀಗೆ

ಮೊದಲು ಖಾಲಿ ನಲ್ಲಿಯನ್ನು ಅರ್ಧ ನಿಮಿಷ ಬಿಡಿ. ತುಕ್ಕು, ಮರಳು, ಒಳಗೆ ಕೂತ ಜೇಡ ಎಲ್ಲ ಹೋಗಲಿ. ನಲ್ಲಿಯ ಬಾಯನ್ನು ಒಂದು ಬಟ್ಟೆಯಿಂದ ಒರೆಸಿ. ನಿಮಗಿಂತ ಮುಂಚೆ ಅಲ್ಲಿದ್ದವರು ಟಾಯ್ಲೆಟ್ ಪೈಪ್ ತೊಳೆದದ್ದು ಅದೇ ನಲ್ಲಿಯಲ್ಲಿ.

ಆಮೇಲೆ ರೆಗ್ಯುಲೇಟರ್ ಮೇಲಿನ ಬಾಣ ನೋಡಿ. ಬಾಣ ಗಾಡಿಯ ಕಡೆ ತೋರಿಸಬೇಕು. ನಲ್ಲಿಗೆ ತಿರುಗುವ ಬಾಯಲ್ಲಿ ರಬ್ಬರ್ ವಾಷರ್ ಇದೆಯಾ ಅಂತ ಬೆರಳಿಟ್ಟು ಮುಟ್ಟಿ ನೋಡಿ. ಜರಡಿ ಇರುವ ವಾಷರ್ ಆದರೆ ಇನ್ನೂ ಒಳ್ಳೆಯದು. ಈ ಥ್ರೆಡ್‌ನಲ್ಲಿ ನೀರು ತಡೆಯುವುದು ವಾಷರ್, ಟೆಫ್ಲಾನ್ ಟೇಪ್ ಸುತ್ತಿ ಪ್ರಯೋಜನವಿಲ್ಲ. ಕೈಯಲ್ಲಿ ಬಿಗಿ ಮಾಡಿ, ಸೋರಿದರೆ ಮಾತ್ರ ಸ್ಪ್ಯಾನರ್‌ನಲ್ಲಿ ಒಂಚೂರು.

ರೆಗ್ಯುಲೇಟರನ್ನು ನಲ್ಲಿಯ ಕಡೆಗೇ ಹಾಕಿ, ಗಾಡಿಯ ಕಡೆಗಲ್ಲ. ಹಾಗೆ ಹಾಕಿದರೆ ಪೈಪಿಗೂ ರಕ್ಷಣೆ, ಫಿಲ್ಟರ್‌ಗೂ ರಕ್ಷಣೆ. ಫೀನಿಕ್ಸ್ ಬಿಸಿಲಲ್ಲಿ ಮೆತ್ತಗಾದ ಪೈಪ್ 90 ಪಿಎಸ್‌ಐಗೆ ಹೊಟ್ಟೆ ಊದಿಸಿಕೊಳ್ಳುವುದನ್ನು ನೋಡಿದ್ದೇನೆ. ಇನ್ನೊಂದು ಕಾರಣ ಭಾರ. ಗಾಡಿಯ ನೀರಿನ ತೂತು ಪ್ಲಾಸ್ಟಿಕ್. ಅದಕ್ಕೆ ಹಿತ್ತಾಳೆ ನೇತುಹಾಕಿ, ಅದರ ತುದಿಗೆ ನೀರು ತುಂಬಿದ ಪೈಪ್ ಜೋಲಿಸಿದರೆ ಒಂದು ದಿನ ಬಿರುಕು ಬಿಡುತ್ತದೆ. ಹಾಗಾಗಿ ನಲ್ಲಿ, ರೆಗ್ಯುಲೇಟರ್, ಫಿಲ್ಟರ್, ಪೈಪ್, ಗಾಡಿ. ಈ ಸಾಲು ತಪ್ಪಬೇಡಿ. ಗಾಡಿಯ ಕಡೆ ಒಂದು ಮೊಣಕೈ ಫಿಟಿಂಗ್ ಹಾಕಿದರೆ ಪೈಪ್ ಮಡಚಿಕೊಳ್ಳುವುದಿಲ್ಲ. ಹೊಲಸು ಟ್ಯಾಂಕ್ ತೊಳೆಯುವ ಪೈಪ್ ಬೇರೆಯೇ ಇರಲಿ, ಬೇರೆ ಬಣ್ಣದ್ದು. ಅದನ್ನು ಈ ಸಾಲಿಗೆ ಸೇರಿಸಲೇಬೇಡಿ.

ಗಾಡಿಗೆ ಸಿಕ್ಕಿಸುವ ಮುಂಚೆ ಪೈಪಿನ ತುದಿಯಿಂದ ಸ್ವಲ್ಪ ನೀರು ಹೊರಗೆ ಬಿಡಿ. ಗಾಡಿಯೊಳಗೆ ಯಾರಾದರೂ ಒಂದು ನಲ್ಲಿ ತೆರೆದಿಟ್ಟುಕೊಂಡಿರಲಿ. ಈಗ ಹೊರಗಿನ ನಲ್ಲಿಯನ್ನು ನಿಧಾನಕ್ಕೆ ಬಿಡಿ. ಒಳಗೆ ಗಾಳಿ ಬುಸುಬುಸು ಅಂದು ಹೋಗಿ ನೀರು ಸಮ ಬಂದ ಮೇಲೆ ನಿಲ್ಲಿಸಲು ಹೇಳಿ. ಒಮ್ಮೆಲೇ ಬಿಟ್ಟರೆ ಆ ಗಾಳಿಯ ಹಿಂದೆ ಬರುವ ನೀರು ಜಾಯಿಂಟ್‌ಗೆ ಗುದ್ದುತ್ತದೆ. ಟಾಯ್ಲೆಟ್‌ನ ಕಾಲು ಪೆಡಲ್ ಟಪ್ ಅಂತ ಬಿಟ್ಟಾಗ ಗೋಡೆಯೊಳಗೆ ಡಬ್ ಅನ್ನುತ್ತದಲ್ಲ, ಅದೂ ಇದೇ ಗುದ್ದು. ಮಕ್ಕಳಿಗೆ ನಿಧಾನಕ್ಕೆ ಬಿಡಲು ಹೇಳಿಕೊಡಿ.

ಸೆಟ್ ಮಾಡುವಾಗ ಒಂದು ತಮಾಷೆ

ಅಡ್ಜಸ್ಟ್ ಮಾಡುವ ರೆಗ್ಯುಲೇಟರ್ ಆದರೆ ಸ್ಕ್ರೂ ಬಲಕ್ಕೆ ತಿರುಗಿಸಿದರೆ ಪ್ರೆಶರ್ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಗಾಡಿಯ ನಲ್ಲಿಗಳೆಲ್ಲ ಮುಚ್ಚಿರುವಾಗ ಗೇಜ್ ನೋಡಿ ಸೆಟ್ ಮಾಡಬೇಕು.

ನಾನು ಮೊದಲ ಸಲ ಮಾಡಿದಾಗ ಗೇಜ್ 70 ತೋರಿಸುತ್ತಿತ್ತು. ಎಡಕ್ಕೆ ತಿರುಗಿಸಿದೆ, ಮುಳ್ಳು ಅಲ್ಲಾಡಲಿಲ್ಲ. ಇನ್ನೂ ತಿರುಗಿಸಿದೆ, ಊಹೂಂ. ಸ್ಕ್ರೂ ಕೈಗೇ ಬರುವಷ್ಟು ಬಿಚ್ಚಿದೆ, ಸಾಮಾನೇ ಡಬ್ಬಾ ಅಂತ ಬೈದುಕೊಂಡೆ. ಆಮೇಲೆ ಹೊಳೆಯಿತು. ಇದು ಪ್ರೆಶರನ್ನು ಹೊರಗೆ ಬಿಡುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ? ಆಗಲೇ ಪೈಪಿನೊಳಗೆ ಸಿಕ್ಕಿಕೊಂಡ 70 ಪಿಎಸ್‌ಐ ಎಲ್ಲಿಗೆ ಹೋಗಬೇಕು! ಒಳಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟು ನಿಲ್ಲಿಸಿದೆ. ಮುಳ್ಳು ಸರ್ರನೆ 20ಕ್ಕೆ ಬಿತ್ತು.

ಹಾಗಾಗಿ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಒಳಗಿನ ನಲ್ಲಿ ಎರಡು ಸೆಕೆಂಡ್ ಬಿಟ್ಟು ನಿಲ್ಲಿಸಿ, ಗೇಜ್ ನೋಡಿ. ಕೆಳಗಿನಿಂದ ಮೇಲಕ್ಕೆ ಏರಿಸಿಕೊಂಡು ಬಂದು ಬೇಕಾದಲ್ಲಿ ನಿಲ್ಲಿಸುವುದು ಸುಲಭ. ನೀರು ಹರಿಯುವಾಗ ಮುಳ್ಳು 45ರಿಂದ 35ಕ್ಕೆ ಇಳಿದರೆ ಗಾಬರಿ ಬೇಡ, ಎಲ್ಲ ರೆಗ್ಯುಲೇಟರ್‌ನಲ್ಲೂ ಸ್ವಲ್ಪ ಇಳಿಯುತ್ತದೆ. ಅದನ್ನು ನೋಡಿ ಸ್ಕ್ರೂ ಏರಿಸಿದರೆ ನಲ್ಲಿ ನಿಲ್ಲಿಸಿದಾಗ 55ರ ಆಸುಪಾಸಿಗೆ ಏರುತ್ತದೆ.

ಕೊನೆಗೆ ಒಂದು ಪರೀಕ್ಷೆ. ಎಲ್ಲ ನಲ್ಲಿ ಮುಚ್ಚಿ 15 ನಿಮಿಷ ಬಿಟ್ಟು ಬಂದು ಗೇಜ್ ನೋಡಿ. 45 ಇದ್ದದ್ದು 45ರಲ್ಲೇ ಇದ್ದರೆ ಸರಿ. ನಿಧಾನಕ್ಕೆ 55, 65 ಅಂತ ಏರುತ್ತಿದ್ದರೆ ಒಳಗಿನ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ. ಮರಳಿನ ಕಣ ಸಿಕ್ಕಿರಬಹುದು, ಇಲ್ಲವೇ ಬಾಗಿಲು ಕೂರುವ ಸೀಟ್ ಸವೆದಿರಬಹುದು. ಬಿಚ್ಚಿ ತೊಳೆದು ಮತ್ತೆ ನೋಡಿ. ಆಗಲೂ ಏರಿದರೆ ಬಿಸಾಡಿ. ಹಗಲು ಚೆನ್ನಾಗೇ ಕಾಣುವ ಇಂಥ ರೆಗ್ಯುಲೇಟರೇ ರಾತ್ರಿ ಕೈಕೊಡುವುದು. ಗೇಜ್ ಇಲ್ಲದ ಚಿಕ್ಕ ತುಂಡಿಗೂ ಇದೇ ಪರೀಕ್ಷೆ ಮಾಡಬಹುದು. ಅದರ ಮುಂದೆ, ಗಾಡಿಯ ಕಡೆಗೆ, ಸ್ಪ್ಲಿಟರ್ ಹಾಕಿ ನಿಮ್ಮ ಗೇಜ್ ಸಿಕ್ಕಿಸಿ.

ಗೀಸರ್ ತೊಟ್ಟಿಕ್ಕಿದರೆ

ಗಾಡಿಯ ಹೊರಗೆ ಗೀಸರ್‌ನ ವಾಲ್ವ್‌ನಿಂದ ಹನಿ ಹನಿ ನೀರು ಬೀಳುತ್ತಿದೆ, ರೆಗ್ಯುಲೇಟರ್ ಕೆಟ್ಟಿತಾ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಬಹಳ ಸಲ ಅಲ್ಲ. 6 ಗ್ಯಾಲನ್ ಗೀಸರ್‌ನ ತಣ್ಣೀರು 60 ಡಿಗ್ರಿಗೆ ಕಾದರೆ ಒಂದು ದೊಡ್ಡ ಲೋಟದಷ್ಟು ಹಿಗ್ಗುತ್ತದೆ. ಗಾಡಿಯ ನೀರಿನ ತೂತಿನಲ್ಲಿ ಚೆಕ್ ವಾಲ್ವ್ ಇರುವುದರಿಂದ ಹಿಂದಕ್ಕೆ ಹೋಗುವ ಹಾಗಿಲ್ಲ. ಒಳಗೆ ಪ್ರೆಶರ್ ಏರುತ್ತದೆ. ಗೀಸರ್‌ನ ಸೇಫ್ಟಿ ವಾಲ್ವ್ 150 ಪಿಎಸ್‌ಐಗೆ ಬಿಚ್ಚಿಕೊಳ್ಳುತ್ತದೆ, ನಾಲ್ಕು ಹನಿ ಚೆಲ್ಲಿ ಸುಮ್ಮನಾಗುತ್ತದೆ. ಟ್ಯಾಂಕಿನ ತಲೆಯಲ್ಲಿ ಒಂದಿಷ್ಟು ಗಾಳಿ ಇದ್ದರೆ ಆ ಗಾಳಿಯೇ ಕುಗ್ಗಿ ಜಾಗ ಕೊಡುತ್ತದೆ. ಅದು ನೀರಿನಲ್ಲಿ ಕರಗಿಹೋದಾಗ ಈ ತೊಟ್ಟಿಕ್ಕುವಿಕೆ ಶುರು.

ಮಾಡಬೇಕಾದದ್ದು ಇಷ್ಟು. ಗೀಸರ್ ಆಫ್ ಮಾಡಿ, ನೀರು ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ಆ ವಾಲ್ವ್ ಮುಟ್ಟಲೇಬೇಡಿ, ಕೈ ಬೇಯುತ್ತದೆ. ಹೊರಗಿನ ನಲ್ಲಿ, ಪಂಪ್ ಎರಡೂ ನಿಲ್ಲಿಸಿ. ಒಳಗೆ ಬಿಸಿನೀರಿನ ನಲ್ಲಿ ತೆರೆಯಿರಿ. ಆಮೇಲೆ ಸೇಫ್ಟಿ ವಾಲ್ವ್‌ನ ಹಿಡಿ ಎತ್ತಿ, ನೀರು ಹರಿಯುವುದು ನಿಲ್ಲುವ ತನಕ ಬಿಡಿ. ಹಿಡಿ ಮುಚ್ಚಿ, ನಲ್ಲಿ ಮುಚ್ಚಿ, ನೀರು ಮತ್ತೆ ಬಿಡಿ. ಗಾಳಿ ತುಂಬಿಕೊಂಡಿರುತ್ತದೆ.

ನೀರೇ ಸಣ್ಣಗಿದ್ದರೆ

ನಲ್ಲಿಯಲ್ಲೇ 30 ಪಿಎಸ್‌ಐ ಇದ್ದರೆ ರೆಗ್ಯುಲೇಟರ್ ಅದನ್ನು 45 ಮಾಡಿಕೊಡುವುದಿಲ್ಲ. ಹಾಗಂತ ಕಿತ್ತಿಡಬೇಡಿ, ರಾತ್ರಿ ಏರುತ್ತದೆ. ಮೊದಲು ಜರಡಿ ವಾಷರ್ ತೆಗೆದು ನೋಡಿ, ಅರ್ಧ ಸಲ ಕಳ್ಳ ಅಲ್ಲೇ ಕೂತಿರುತ್ತಾನೆ. ಫಿಲ್ಟರ್ ಹಳತಾಗಿದ್ದರೆ ಬದಲಾಯಿಸಿ. ಎಲ್ಲ ಸರಿ ಇದ್ದರೆ ಗಾಡಿಯ ಟ್ಯಾಂಕ್ ತುಂಬಿಸಿಕೊಂಡು ಪಂಪ್ ಹಾಕಿಕೊಳ್ಳಿ, ಊರಿನಲ್ಲಿ ಸಂಪು ತುಂಬಿಸಿ ಮೋಟರ್ ಹಾಕಿದ ಹಾಗೆ. ಪ್ರೆಶರ್ ಕೆಟ್ಟಿರುವ ಜಾಗದಲ್ಲಿ ಅದೇ ನೆಮ್ಮದಿ.

ಟ್ಯಾಂಕ್ ಹೇಗೂ ಅರ್ಧ ತುಂಬಿರಲಿ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿಗೆ ನೀರು ಬರುವುದು ಉತ್ತರದ ಕಡೆಯ ರೋರಿಂಗ್ ಸ್ಪ್ರಿಂಗ್ಸ್‌ನಿಂದ, ಕಣಿವೆ ಇಳಿದು ದಾಟುವ 12.5 ಮೈಲಿ ಉದ್ದದ ಪೈಪಿನಲ್ಲಿ. 1960ರ ದಶಕದಲ್ಲಿ ಹಾಕಿದ್ದು, ಮತ್ತೆ ಮತ್ತೆ ಒಡೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಂತೂ ಒಡೆತಗಳು ಸಾಲುಗಟ್ಟಿ, ಅಂಚಿನ ಹೋಟೆಲುಗಳಲ್ಲಿ ರಾತ್ರಿ ತಂಗುವುದನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಅಂಥ ದಿನ ನಿಮ್ಮ 45 ಪಿಎಸ್‌ಐ ರೆಗ್ಯುಲೇಟರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹೊರಡುವ ಬೆಳಗ್ಗೆ

ಹೊರಗಿನ ನಲ್ಲಿ ನಿಲ್ಲಿಸಿ, ಒಳಗೆ ಒಂದು ನಲ್ಲಿ ಬಿಟ್ಟು ಪ್ರೆಶರ್ ಇಳಿಸಿ, ಆಮೇಲೆ ಬಿಚ್ಚಿ. ಇಲ್ಲದಿದ್ದರೆ ಮುಖಕ್ಕೆ ಅಭಿಷೇಕ. ರೆಗ್ಯುಲೇಟರನ್ನು ಎರಡು ಸಲ ಜಾಡಿಸಿ ಒಳಗಿನ ನೀರು ಚೆಲ್ಲಿ. ರಾತ್ರಿ ಹಿಮ ಬೀಳುವ ಊರಾದರೆ ಮಲಗುವ ಮುಂಚೆಯೇ ಬಿಚ್ಚಿ ಒಳಗಿಡಿ. ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಡಯಾಫ್ರಮ್ ಹೋಯಿತು. ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ. ಮುಂದಿನ ವಸಂತದಲ್ಲಿ ಮೊದಲ ಸಲ ಹಾಕುವಾಗ ಆ 15 ನಿಮಿಷದ ಪರೀಕ್ಷೆ ತಪ್ಪದೆ ಮಾಡಿ.

ನನ್ನ ಎರಡನೇ ರೆಗ್ಯುಲೇಟರ್ ಕೆಟ್ಟುಹೋಗಲಿಲ್ಲ. ಯುಟಾದ ಒಂದು ನಲ್ಲಿಯಲ್ಲೇ ಬಿಟ್ಟು ಬಂದೆ, ನೆನಪಾದಾಗ ನೂರು ಮೈಲಿ ದಾಟಿದ್ದೆವು. ಈಗ ಅದಕ್ಕೆ ಅಂತಲೇ ಒಂದು ಡಬ್ಬ ಇದೆ, ಅಮ್ಮ ಚಕ್ಕುಲಿ ತಂದಿದ್ದ ಸ್ಟೀಲ್ ಡಬ್ಬ. ರೆಗ್ಯುಲೇಟರ್, ಗೇಜ್, ಆರು ವಾಷರ್, ಒಂದು ಒಣ ಬಟ್ಟೆ ಅದರಲ್ಲಿ. ನಲ್ಲಿಗೆ ರೆಗ್ಯುಲೇಟರ್ ಹಾಕಿದ ಕೂಡಲೇ ಖಾಲಿ ಡಬ್ಬವನ್ನು ಡ್ರೈವರ್ ಸೀಟಿನ ಮೇಲಿಡುತ್ತೇನೆ. ಅದನ್ನು ಎತ್ತದೆ ಕೂರುವ ಹಾಗಿಲ್ಲ.